ಸೋಮವಾರ ಮಾತಾಡದ ಮನುಷ್ಯ: ನಂದಿಬೆಟ್ಟದ ಗಾಂಧಿ ಮತ್ತು ನಮ್ಮ ದಣಿವು

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಸಂಜೆ, ಇಂದಿರಾನಗರ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಮೇಲೆ ಎರಡು ನಿಮಿಷ ಅಂತ ಕೂತವಳಿಗೆ ಮತ್ತೆ ಏಳೋಕೆ ಆಗಲಿಲ್ಲ. ಜ್ವರ ಇರಲಿಲ್ಲ, ಎಲ್ಲೂ ಬಿದ್ದಿರಲಿಲ್ಲ. ಕಾಲು ಮಾತ್ರ ಮಾತು ಕೇಳ್ತಿರಲಿಲ್ಲ. ಕೈಯಲ್ಲಿದ್ದ ಫೋನು ಒಂದೇ ಸಮ ನಡುಗುತ್ತಿತ್ತು. ಆಫೀಸಿನ ಗ್ರೂಪು, ನಮ್ಮ ಬಳಗದ ಗ್ರೂಪು, ಮರುದಿನ ಫ್ರೀಡಂ ಪಾರ್ಕಿನಲ್ಲಿ ನಡೀಬೇಕಿದ್ದ ಧರಣಿಯ ಗ್ರೂಪು. ಸುಮಾರು ನಲವತ್ತು ನಿಮಿಷ ಹಾಗೇ ಕೂತಿದ್ದೆ. ಜನ ಹತ್ತಿ ಇಳಿದು ಹೋಗ್ತಾ ಇದ್ದರು.

ನನಗಾಗ 27 ವರ್ಷ. ಹಗಲು ಹೊತ್ತು ನೂರಡಿ ರಸ್ತೆಯ ಹತ್ತಿರದ ಒಂದು ಆಫೀಸಿನಲ್ಲಿ ಕೆಲಸ. ರಾತ್ರಿ ಮತ್ತು ವಾರದ ಕೊನೆಯಲ್ಲಿ ಡೆಲಿವರಿ ಹುಡುಗರ ವಿಮೆ, ಅಪಘಾತ, ಕಾರಣವಿಲ್ಲದೆ ಬ್ಲಾಕ್ ಆದ ಐಡಿ, ಇಂಥ ತಾಪತ್ರಯಗಳಿಗೆ ಅರ್ಜಿ ಬರೆದುಕೊಡುವ ಒಂದು ಸಣ್ಣ ಬಳಗದ ಓಡಾಟ. ಡಾಕ್ಟರು ಬಿಪಿ ನೋಡಿ ಹುಬ್ಬೇರಿಸಿದರು. ಎಷ್ಟು ಗಂಟೆ ಮಲಗ್ತೀರ ಅಂತ ಕೇಳಿದರು. ಉತ್ತರ ಹೇಳೋಕೆ ನಾಚಿಕೆ ಆಯಿತು. ಮೂರು ವಾರ ಪೂರ್ತಿ ವಿಶ್ರಾಂತಿ ಅಂತ ಚೀಟಿ ಬರೆದುಕೊಟ್ಟರು.

ಆ ಮೂರು ವಾರದಲ್ಲಿ ನನ್ನನ್ನು ಕಾಡಿದ್ದು ದಣಿವಿಗಿಂತ ಅಪರಾಧಿ ಭಾವ. ಹೊರಗೆ ಅಷ್ಟೆಲ್ಲ ಅನ್ಯಾಯ ನಡೀತಿರುವಾಗ ನಾನು ಪಿಜಿ ರೂಮಿನಲ್ಲಿ ಫ್ಯಾನ್ ನೋಡ್ತಾ ಮಲಗೋದು ಸರೀನಾ? ಇದನ್ನು ನಮ್ಮ ಬಳಗದ ಹಿರಿಯರೊಬ್ಬರ ಹತ್ತಿರ ಹೇಳಿಕೊಂಡೆ. ಅವರು ಸಮಾಧಾನ ಹೇಳಲಿಲ್ಲ. 1927ರಲ್ಲಿ ಗಾಂಧಿ ನಂದಿಬೆಟ್ಟಕ್ಕೆ ಯಾಕೆ ಬಂದಿದ್ದರು ಅಂತ ಗೊತ್ತಾ ಅಂತ ಕೇಳಿದರು. ಗೊತ್ತಿರಲಿಲ್ಲ.

ನಿಜ ಹೇಳಬೇಕಂದ್ರೆ, ಗಾಂಧಿ ನನ್ನ ಹೀರೋ ಅಲ್ಲ. ಜಾತಿಯ ವಿಚಾರದಲ್ಲಿ, ಪೂನಾ ಒಪ್ಪಂದದ ವಿಚಾರದಲ್ಲಿ ಅವರ ಜೊತೆ ನನಗಿರುವ ಜಗಳ ಇವತ್ತೂ ಮುಗಿದಿಲ್ಲ. ಶಿಸ್ತಿನ ಬದುಕು ಅಂದ್ರೆ ನಮ್ಮ ಕಡೆ ಎಲ್ಲರೂ ಹೇಳೋದು ನೂರು ದಾಟಿ ಬಾಳಿದ ವಿಶ್ವೇಶ್ವರಯ್ಯನವರ ಹೆಸರು. ಆದರೆ ನನಗೆ ಬೇಕಾಗಿದ್ದದ್ದು ಕುಸಿದು ಬಿದ್ದು, ಮತ್ತೆ ಎದ್ದು, ಆಮೇಲೆ ಇಪ್ಪತ್ತು ವರ್ಷ ಕೆಲಸ ಮಾಡಿದ ಒಬ್ಬ ಮನುಷ್ಯನ ಕಥೆ. ಹಾಗಾಗಿ ಓದೋಕೆ ಶುರು ಮಾಡಿದೆ.

ನಡೆಯೋದು ಕಲಿತ ಹುಡುಗ

ಮೋಹನದಾಸ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ಶಾಲೆಯಲ್ಲಿ ಸಾಧಾರಣ ವಿದ್ಯಾರ್ಥಿ, ಆಟ ಅಂದ್ರೆ ಹಿಂಜರಿಕೆ, ನಾಲ್ಕು ಜನರ ಮುಂದೆ ಮಾತಾಡೋಕೆ ಭಯ. ಹದಿಮೂರಕ್ಕೆ ಮದುವೆ. 1888ರಲ್ಲಿ ವಕೀಲಿ ಓದೋಕೆ ಲಂಡನ್ನಿಗೆ ಹೋದಾಗ ಈ ಹುಡುಗ ಮುಂದೆ ಏನೋ ಆಗ್ತಾನೆ ಅಂತ ಯಾರಿಗೂ ಅನಿಸಿರಲಿಕ್ಕಿಲ್ಲ.

ಆದರೆ ಲಂಡನ್ನಿನಲ್ಲಿ ಎರಡು ರೂಢಿ ಅಂಟಿಕೊಂಡವು. ಒಂದು, ಖರ್ಚಾದ ಪ್ರತಿ ಕಾಸಿನ ಲೆಕ್ಕವನ್ನು ರಾತ್ರಿ ಮಲಗುವ ಮುಂಚೆ ಬರೆದಿಡೋದು. ಇನ್ನೊಂದು, ನಡೆಯೋದು. ಗಾಡಿ ಖರ್ಚು ಉಳಿಸೋಕೆ ಅಂತ ಶುರುವಾದ ನಡಿಗೆ ದಿನಕ್ಕೆ ಎಂಟು ಹತ್ತು ಮೈಲಿಗೆ ಬೆಳೆಯಿತು. ಆ ದೇಶದ ಚಳಿಯಲ್ಲೂ ತಾನು ಕಾಯಿಲೆ ಬೀಳದೆ ಉಳಿದದ್ದು ಇದರಿಂದಲೇ ಅಂತ ಅವರು ಮುಂದೆ ಆತ್ಮಕಥೆಯಲ್ಲಿ ನೆನೆಸಿಕೊಳ್ಳುತ್ತಾರೆ. ಕೊನೆಯವರೆಗೂ ಈ ನಡಿಗೆ ಬಿಡಲಿಲ್ಲ.

1893ರಲ್ಲಿ ದಕ್ಷಿಣ ಆಫ್ರಿಕಾ. ಒಂದು ವರ್ಷದ ಕೇಸಿಗೆ ಅಂತ ಹೋದವರು ಹೆಚ್ಚುಕಮ್ಮಿ ಇಪ್ಪತ್ತೊಂದು ವರ್ಷ ಅಲ್ಲೇ ನೆಲೆಸಿದರು. 1904ರಲ್ಲಿ ಡರ್ಬನ್ ಹತ್ತಿರ ಫೀನಿಕ್ಸ್, 1910ರಲ್ಲಿ ಜೋಹಾನ್ಸ್‌ಬರ್ಗ್ ಹತ್ತಿರ ಟಾಲ್‌ಸ್ಟಾಯ್ ಫಾರ್ಮ್ ಕಟ್ಟಿದರು. ಅಲ್ಲಿ ಹೋರಾಟಗಾರರ ಕುಟುಂಬಗಳು ಒಟ್ಟಿಗೆ ಬದುಕುತ್ತಿದ್ದವು. ಅಡುಗೆ, ತೋಟ, ಬಡಗಿ ಕೆಲಸ, ಚಪ್ಪಲಿ ಹೊಲಿಯೋದು, ಕಕ್ಕಸು ತೊಳೆಯೋದು ಎಲ್ಲದಕ್ಕೂ ಪಾಳಿ. ಸ್ವಂತ ಕೆಲಸಕ್ಕೆ ಪೇಟೆಗೆ ಹೋಗುವವರು ಇಪ್ಪತ್ತೊಂದು ಮೈಲಿ ನಡೆದೇ ಹೋಗಬೇಕು ಅನ್ನೋ ನಿಯಮ.

ಅದೇ ಕಾಲದ ಇನ್ನೊಂದು ಸಂಗತಿ. 1909ರಲ್ಲಿ ಲಂಡನ್ನಿನಿಂದ ವಾಪಸ್ ಬರುವಾಗ ಹಡಗಿನಲ್ಲಿ ಕೂತು ಹತ್ತೇ ದಿನದಲ್ಲಿ ಹಿಂದ್ ಸ್ವರಾಜ್ ಬರೆದು ಮುಗಿಸಿದರು. ಬಲಗೈ ಸೋತಾಗ ಎಡಗೈಗೆ ಪೆನ್ನು ಬದಲಾಯಿಸಿ ಹಲವಾರು ಪುಟ ಬರೆದರು. ಈ ಕಥೆಯನ್ನು ನಮಗೆ ಸಾಧನೆಯ ಕಥೆಯಾಗಿ ಹೇಳ್ತಾರೆ. ನನಗೀಗ ಅದು ಎಚ್ಚರಿಕೆಯ ಕಥೆಯ ಹಾಗೆ ಕಾಣುತ್ತೆ. ಕೈ ಸೋತರೆ ಇನ್ನೊಂದು ಕೈ ಇದೆ. ಮೈಯೇ ಸೋತರೆ?

ಮೂರು ಸಲ ಬಿದ್ದವರು

1915ರಲ್ಲಿ ಭಾರತಕ್ಕೆ ವಾಪಸ್ಸಾದ ಗಾಂಧಿ 1917ರಲ್ಲಿ ಚಂಪಾರಣ್ಯ, 1918ರಲ್ಲಿ ಅಹಮದಾಬಾದಿನ ಗಿರಣಿ ಮುಷ್ಕರ, ಅದರ ಬೆನ್ನಿಗೇ ಖೇಡಾ ರೈತರ ಸತ್ಯಾಗ್ರಹ ಅಂತ ಒಂದರ ಮೇಲೊಂದು ಹೊತ್ತುಕೊಂಡರು. ಅದೇ ವರ್ಷ, ಮಹಾಯುದ್ಧದ ಸೈನ್ಯಕ್ಕೆ ಜನ ಸೇರಿಸೋಕೆ ಖೇಡಾದ ಹಳ್ಳಿ ಹಳ್ಳಿ ಸುತ್ತಿದರು. ಅಹಿಂಸೆಯ ಮನುಷ್ಯ ಯುದ್ಧಕ್ಕೆ ಜನ ಸೇರಿಸಿದ ವಿಚಿತ್ರ ಅಧ್ಯಾಯ ಅದು. ಸರಿಯಾಗಿ ಊಟ ಇಲ್ಲ, ಓಡಾಟ ನಿಲ್ಲಲ್ಲ. ಆಗಸ್ಟಿನಲ್ಲಿ ಆಮಶಂಕೆ ಹಿಡಿದು ಸಾಯುವ ಹಂತಕ್ಕೆ ಹೋದರು. ಚೇತರಿಸಿಕೊಳ್ಳೋಕೆ ತಿಂಗಳುಗಳೇ ಬೇಕಾದವು. ಹಾಲು ಕುಡಿಯಲ್ಲ ಅನ್ನೋ ವ್ರತವನ್ನು ಆಡಿನ ಹಾಲಿಗಾಗಿ ಸಡಿಲಿಸಿದ್ದು ಆಗಲೇ.

ಎರಡನೇ ಸಲ 1924ರ ಜನವರಿ. ಯರವಡಾ ಜೈಲಿನಲ್ಲಿದ್ದ ಅವರಿಗೆ ಅಪೆಂಡಿಸೈಟಿಸ್ ಆಗಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಫೆಬ್ರವರಿಯಲ್ಲಿ ಬಿಡುಗಡೆ, ಆಮೇಲೆ ಜುಹೂ ಕಡಲ ತೀರದಲ್ಲಿ ವಿಶ್ರಾಂತಿ. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಮರುವರ್ಷ ಪೂರ್ತಿ ಸುತ್ತಾಟ. ಇದು ಸರಿ ಹೋಗಲ್ಲ ಅನಿಸಿರಬೇಕು, 1926ನ್ನು ಬಹುಪಾಲು ಸಾಬರಮತಿ ಆಶ್ರಮದಲ್ಲೇ ಕಳೆದರು.

ಆದರೆ 1927 ಬಂದ ಕೂಡಲೇ ಮತ್ತೆ ಅದೇ ಓಟ. ಖಾದಿಗಾಗಿ ಹಣ ಕೂಡಿಸೋಕೆ ಬಿಹಾರ, ಮಹಾರಾಷ್ಟ್ರ ಅಂತ ಊರಿಂದೂರಿಗೆ ಪ್ರವಾಸ, ದಿನಕ್ಕೆ ಹಲವು ಸಭೆ. ಮಾರ್ಚ್ ಕೊನೆಯ ವಾರ ಕೊಲ್ಲಾಪುರ, ನಿಪ್ಪಾಣಿ ಕಡೆ ಬಂದಾಗ ದೇಹ ಕೈಕೊಟ್ಟಿತು. ರಕ್ತದೊತ್ತಡ ವಿಪರೀತ ಏರಿತ್ತು. ಸಣ್ಣದೊಂದು ಪಾರ್ಶ್ವವಾಯುವಿನ ಹೊಡೆತ ಅಂತಲೇ ವೈದ್ಯರು ಗಾಬರಿಯಾದರು. ಆಗ ಅವರಿಗೆ 57 ವರ್ಷ. ಮುಂದಿನ ಪ್ರವಾಸ ರದ್ದಾಯಿತು. ಬೇಸಿಗೆ ಕಳೆಯೋಕೆ ತಂಪು ಜಾಗ ಬೇಕು ಅಂದಾಗ ಸಿಕ್ಕಿದ್ದು ಮೈಸೂರು ಸಂಸ್ಥಾನದ ನಂದಿಬೆಟ್ಟ.

ಬೆಟ್ಟದ ಮೇಲೆ ಒಂದೂವರೆ ತಿಂಗಳು

ಏಪ್ರಿಲ್ ಮೂರನೇ ವಾರದಿಂದ ಜೂನ್ ಮೊದಲ ವಾರದವರೆಗೆ ಅವರು ನಂದಿಯಲ್ಲಿದ್ದರು. ನಾವೀಗ ಭಾನುವಾರ ಬೆಳಗಿನ ಜಾವ ಬೈಕು ಹತ್ತಿ ಸೂರ್ಯೋದಯದ ಫೋಟೋಗೆ ಹೋಗ್ತೀವಲ್ಲ, ಅದೇ ಬೆಟ್ಟ. ಅವರ ಹೆಸರಿನ ಗಾಂಧಿ ನಿಲಯ ಇವತ್ತೂ ಅಲ್ಲಿದೆ. ಸಂಸ್ಥಾನದ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನರು ಮಿರ್ಜಾ ಇಸ್ಮಾಯಿಲ್. ಬ್ರಿಟಿಷರ ವಿರುದ್ಧ ನಿಂತ ಮನುಷ್ಯ ಬ್ರಿಟಿಷರ ಕೆಳಗಿದ್ದ ಸಂಸ್ಥಾನದ ಅತಿಥಿಯಾಗಿದ್ದರು. ಈ ವಿಪರ್ಯಾಸ ಮನಸ್ಸಿನಲ್ಲಿರಲಿ, ಆಮೇಲೆ ಬೇಕಾಗುತ್ತೆ.

ಬೆಟ್ಟದ ಮೇಲೆ ಸಭೆ ಇಲ್ಲ, ಭಾಷಣ ಇಲ್ಲ. ಹಾಗಂತ ಅವರು ಕೆಲಸ ಪೂರ್ತಿ ಬಿಡಲಿಲ್ಲ, ಅಳತೆ ಕಡಿಮೆ ಮಾಡಿದರು. ಪ್ರಾರ್ಥನೆ, ಶಕ್ತಿ ಬಂದಷ್ಟು ನಡಿಗೆ, ನೂಲೋದು, ಕಾಗದ ಬರೆಯೋದು, ಮಧ್ಯೆ ಮಧ್ಯೆ ನಿದ್ದೆ. ಆತ್ಮಕಥೆಯ ಕಂತುಗಳು ಪತ್ರಿಕೆಯಲ್ಲಿ ಬರ್ತಾನೇ ಇದ್ದವು.

ಜೂನ್ ಮೊದಲ ವಾರ ಬೆಂಗಳೂರಿಗೆ ಇಳಿದು ಕುಮಾರಕೃಪಾದಲ್ಲಿ ಉಳಿದರು. ಆಗಸ್ಟ್ ಕೊನೆಯವರೆಗೆ ಅದೇ ಅವರ ಮನೆ. ಆಗ ನಮ್ಮ ಇಂದಿರಾನಗರ ಅನ್ನೋ ಬಡಾವಣೆ ಇರಲೇ ಇಲ್ಲ, ಈ ಕಡೆಯೆಲ್ಲ ಬಿನ್ನಮಂಗಲ, ದೊಮ್ಮಲೂರಿನಂಥ ಹಳ್ಳಿಗಳು. ಹಲಸೂರು, ಶಿವಾಜಿನಗರದ ಕಡೆ ಬ್ರಿಟಿಷರ ದಂಡು. ನಾವು ದಿನಾ ಮೆಟ್ರೋದಲ್ಲಿ ಇಳಿಯುವ ಎಂಜಿ ರೋಡಿಗೆ ಆಗ ಸೌತ್ ಪೆರೇಡ್ ಅಂತ ಹೆಸರು.

ಆ ದಿನಗಳಲ್ಲಿ ಅವರು ಆಡುಗೋಡಿಯ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ದನ ಸಾಕಾಣಿಕೆ, ತಳಿ, ಮೇವಿನ ವಿಚಾರ ಕಲಿತರು. ಅಲ್ಲಿನ ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತ ಅಂತ ಗುರುತಿಸಿಕೊಂಡರು. ಆ ಕ್ಯಾಂಪಸ್ಸು ಇವತ್ತು ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ. ದೇಶದ ದೊಡ್ಡ ನಾಯಕ ಕಾಯಿಲೆಯ ರಜೆಯಲ್ಲಿ ಹಸು ನೋಡಿಕೊಳ್ಳೋದು ಕಲಿತಿದ್ದು ನನಗೆ ಬಹಳ ಇಷ್ಟ ಆಯಿತು. ನಾನಾದರೋ ಮೂರು ವಾರದಲ್ಲಿ ಸುದ್ದಿ ಸ್ಕ್ರಾಲ್ ಮಾಡೋದು ಬಿಟ್ಟು ಬೇರೇನೂ ಮಾಡಿರಲಿಲ್ಲ. ಅದು ವಿಶ್ರಾಂತಿ ಆಗಿರಲಿಲ್ಲ ಅಂತ ಅರ್ಥವಾಗಿದ್ದು ಇದನ್ನು ಓದಿದ ಮೇಲೆ. ಮನಸ್ಸಿಗೆ ಬೇಕಿದ್ದದ್ದು ಬೇರೆ ಥರದ ಕೆಲಸ.

ಜುಲೈನಲ್ಲಿ ನಿಧಾನಕ್ಕೆ ಸಾರ್ವಜನಿಕ ಕೆಲಸಕ್ಕೆ ಮರಳಿದರು. ಮೊದಲು ಬೆಂಗಳೂರಿನ ಖಾದಿ ಪ್ರದರ್ಶನದ ಉದ್ಘಾಟನೆ, ಕೆಲ ದಿನಗಳ ನಂತರ ಟಾಟಾ ಇನ್‌ಸ್ಟಿಟ್ಯೂಟ್, ಆಮೇಲೆ ಮೈಸೂರು, ಕೃಷ್ಣರಾಜಸಾಗರ, ಭದ್ರಾವತಿ. ಏಪ್ರಿಲ್‌ನಲ್ಲಿ ನಿಂತ ಗಾಡಿ ಜುಲೈನಲ್ಲಿ ಫಸ್ಟ್ ಗೇರಿನಲ್ಲಿ ಹೊರಟಿತು. ಕಾಯಿಲೆ ಬಿದ್ದ ಮರುವಾರವೇ ಟಾಪ್ ಗೇರಿಗೆ ಹೋಗಲಿಲ್ಲ.

ದಿನದ ಚೌಕಟ್ಟು

ಗಾಂಧಿಯ ದಿನಚರಿಯಲ್ಲಿ ನಾವು ಅನುಕರಣೆ ಮಾಡಲೇಬೇಕಾದ್ದು ಅಂತ ಕಡ್ಡಾಯ ಏನಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಪ್ರಾರ್ಥನೆ ಮಾಡೋದು ನನ್ನ ಕೈಲಿ ಆಗದ ಮಾತು. ಆದರೆ ಪ್ರತಿ ರೂಢಿಯ ಹಿಂದಿನ ಲೆಕ್ಕಾಚಾರ ನೋಡಿ.

ದಿನದ ಎರಡು ತುದಿಗೂ ಬೇಲಿ ಇತ್ತು. ಬೆಳಗಿನ ಪ್ರಾರ್ಥನೆಯಿಂದ ದಿನ ಶುರು, ಸಂಜೆಯ ಪ್ರಾರ್ಥನೆ ಬಂತೆಂದರೆ ದಿನ ಇಳಿಮುಖ. ರಾತ್ರಿ ಬೇಗ ಮಲಗುತ್ತಿದ್ದರು. ಹಗಲಲ್ಲಿ ಬೇಕೆಂದಾಗ ಸಣ್ಣ ನಿದ್ದೆ ತೆಗೆಯುವ ಕಲೆ ಅವರಿಗೆ ಸಿದ್ಧಿಸಿತ್ತು. ಬೆಳಿಗ್ಗೆ ಸಂಜೆ ನಡಿಗೆ. ಭೇಟಿಗೆ ಬಂದವರು ಎಷ್ಟೋ ಸಲ ಜೊತೆಗೆ ನಡೀತಾನೇ ಮಾತಾಡಬೇಕಿತ್ತು.

ಚರಕಕ್ಕೆ ದಿನಕ್ಕೆ ಅರ್ಧ ಗಂಟೆಯಾದರೂ ಮೀಸಲು. ಅದು ರಾಜಕೀಯ ಸಂಕೇತ ಅಂತ ನಮಗೆ ಗೊತ್ತು. ಆದರೆ ಅಷ್ಟು ಹೊತ್ತು ಕೈಗೆ ಒಂದೇ ಕೆಲಸ, ಕಣ್ಣಿಗೆ ಒಂದೇ ಎಳೆ. ಎಳೆ ಕಡಿದರೆ ತಕ್ಷಣ ಗೊತ್ತಾಗುತ್ತೆ, ಮುಗಿದಾಗ ಎಷ್ಟು ನೂತೆ ಅಂತ ಲೆಕ್ಕ ಸಿಗುತ್ತೆ. ಸ್ವರಾಜ್ಯ ಯಾವತ್ತು ಬರುತ್ತೋ ಯಾರಿಗೂ ಗೊತ್ತಿಲ್ಲ, ಇವತ್ತಿನ ನೂಲು ಮಾತ್ರ ಇವತ್ತೇ ಮುಗಿಯುತ್ತೆ. ಫಲ ಕಾಣದ ಕೆಲಸ ಮಾಡುವವರಿಗೆ ದಿನಕ್ಕೊಂದು ಮುಗಿಯುವ ಕೆಲಸ ಬೇಕೇ ಬೇಕು.

ಊಟದಲ್ಲಿ ದಿನಕ್ಕೆ ಐದಕ್ಕಿಂತ ಹೆಚ್ಚು ಪದಾರ್ಥ ತಿನ್ನಲ್ಲ, ಕತ್ತಲಾದ ಮೇಲೆ ತಿನ್ನಲ್ಲ ಅಂತ 1915ರಲ್ಲಿ ಹರಿದ್ವಾರದಲ್ಲಿ ಮಾಡಿದ ವ್ರತ. ಇದನ್ನು ನಾನು ಪಾಲಿಸಲ್ಲ, ನೀವೂ ಪಾಲಿಸಬೇಕಿಲ್ಲ. ಆದರೆ ಇವತ್ತೇನು ತಿನ್ನಲಿ ಅಂತ ದಿನಾ ಹೊಸದಾಗಿ ತಲೆ ಕೆಡಿಸಿಕೊಳ್ಳುವ ರಗಳೆ ಅವರಿಗಿರಲಿಲ್ಲ ಅನ್ನೋದಂತೂ ನಿಜ.

ಎಲ್ಲಕ್ಕಿಂತ ಮುಖ್ಯ ಸೋಮವಾರದ ಮೌನ. 1920ರ ದಶಕದ ಆರಂಭದಿಂದ ಅವರು ವಾರಕ್ಕೊಂದು ದಿನ ಮಾತಾಡ್ತಿರಲಿಲ್ಲ. ಬಾಕಿ ಬಿದ್ದ ಕಾಗದ, ಲೇಖನಗಳನ್ನು ಮುಗಿಸುತ್ತಿದ್ದರು, ಸುಮ್ಮನಿರುತ್ತಿದ್ದರು. ಅನಿವಾರ್ಯ ಅಂದ್ರೆ ಚೀಟಿಯಲ್ಲಿ ಬರೆದು ಕೊಡೋರು. 1947ರ ಜೂನ್ 2ರಂದು, ದೇಶ ವಿಭಜನೆಯ ಯೋಜನೆ ಬಗ್ಗೆ ವೈಸ್‌ರಾಯ್ ಮೌಂಟ್‌ಬ್ಯಾಟನ್ ಅವರನ್ನು ಕಂಡಾಗ ಸೋಮವಾರ. ಗಾಂಧಿ ಬಾಯಿ ಬಿಡಲಿಲ್ಲ, ಬಳಸಿದ ಲಕೋಟೆಗಳ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆದು ಕೊಟ್ಟರು. ಆ ದಿನ ಮೌನ ಮುರಿಯಬೇಕಿತ್ತು ಅಂತ ವಾದಿಸುವವರಿದ್ದಾರೆ, ಅದರಲ್ಲಿ ಅರ್ಥವೂ ಇದೆ. ಆದರೆ ನಮ್ಮ ಸ್ಥಿತಿ ತದ್ವಿರುದ್ಧ. ಒಂದು ಮೀಮ್ ಬಂದರೂ ಊಟದ ತಟ್ಟೆ ಬಿಟ್ಟು ಏಳ್ತೀವಿ.

ಇವು ಅವರ ಖಾಸಗಿ ಚಟಗಳಾಗಿ ಮಾತ್ರ ಉಳಿಯಲಿಲ್ಲ, ಚಳವಳಿಯ ಯೋಜನೆಯ ಒಳಗೂ ಬಂದವು. 1930ರ ದಂಡಿ ಯಾತ್ರೆ ನೋಡಿ. ಮಾರ್ಚ್ 12ರಿಂದ ಏಪ್ರಿಲ್ 5ರವರೆಗೆ ಸುಮಾರು 240 ಮೈಲಿ. ಗಾಂಧಿಗೆ 60 ವರ್ಷ, ಜೊತೆಗೆ 78 ಜನ ಸತ್ಯಾಗ್ರಹಿಗಳು. ದಿನಕ್ಕೆ ಹತ್ತು ಹನ್ನೆರಡು ಮೈಲಿ, ಅದೂ ಬೆಳಿಗ್ಗೆ ಸಂಜೆ ಎರಡು ಕಂತಿನಲ್ಲಿ, ಬಿಸಿಲ ಹೊತ್ತಿಗೆ ತಂಗುದಾಣ. ಸೋಮವಾರ ನಡಿಗೆಗೆ ರಜೆ. ಬ್ರಿಟಿಷ್ ಸರ್ಕಾರವನ್ನು ಅಲುಗಾಡಿಸಿದ ಆ ಯಾತ್ರೆಯ ಕ್ಯಾಲೆಂಡರಿನಲ್ಲಿ ವಿಶ್ರಾಂತಿ ದಿನ ಮೊದಲೇ ಬರೆದಿತ್ತು. ನಾವು ಮಾಡುವ ಒಂದು ದಿನದ ಧರಣಿಯ ಪ್ಲಾನಿನಲ್ಲಿ ಊಟಕ್ಕೆ ಯಾರು ಯಾವಾಗ ಹೋಗಬೇಕು ಅನ್ನೋದೂ ಇರಲ್ಲ.

ರಜೆ ಸಿಗದ ಮಹದೇವ

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಳ್ಳೇ ಅಭ್ಯಾಸಗಳ ಪಾಠ ಆಗ್ತಿತ್ತು. ಆದರೆ ಓದ್ತಾ ಓದ್ತಾ ನನ್ನ ಕಣ್ಣು ಗಾಂಧಿಯ ಪಕ್ಕದಲ್ಲಿದ್ದ ಇನ್ನೊಬ್ಬರ ಕಡೆ ಹೋಯಿತು.

ಮಹದೇವ ದೇಸಾಯಿ ಗಾಂಧಿಯ ಕಾರ್ಯದರ್ಶಿಯಾಗಿ ಸೇರಿದ್ದು 1917ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ. ಗಾಂಧಿ ಮಲಗಿದ ಮೇಲೂ ಎದ್ದಿದ್ದು, ಏಳುವ ಮುಂಚೆ ತಯಾರಾಗಿ ಇರಬೇಕಾದ ಕೆಲಸ ಅದು. ಮಾತುಗಳ ಟಿಪ್ಪಣಿ, ಕಾಗದಗಳ ಉತ್ತರ, ಪತ್ರಿಕೆಗೆ ಲೇಖನ, ಅನುವಾದ, ಬಂದವರ ಉಪಚಾರ, ಗಾಂಧಿಯ ಸಿಟ್ಟು ಎಲ್ಲ ಅವರ ಪಾಲಿಗೆ. ಗಾಂಧಿಯ ಆತ್ಮಕಥೆಯನ್ನು ಗುಜರಾತಿಯಿಂದ ಇಂಗ್ಲಿಷಿಗೆ ತಂದವರೂ ಅವರೇ. ಗಾಂಧಿ ಸೇವಾಗ್ರಾಮದಲ್ಲಿ ನೆಲೆಸಿದ ಮೇಲೆ, ಮಹದೇವ ವಾರ್ಧಾದ ಮಗನವಾಡಿಯಿಂದ ಆ ಬಿರುಬಿಸಿಲಿನಲ್ಲಿ ದಿನಾ ಹೋಗಿಬಂದು ಹನ್ನೊಂದು ಮೈಲಿ ನಡೆಯುತ್ತಿದ್ದ ಕಾಲವೂ ಇತ್ತು. 1938ರಲ್ಲಿ ಅವರ ಆರೋಗ್ಯವೂ ಕುಸಿಯಿತು. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಬಂದರು. 1942ರ ಆಗಸ್ಟ್ 9ರಂದು ಕ್ವಿಟ್ ಇಂಡಿಯಾ ಬಂಧನ, ಆಗಸ್ಟ್ 15ರಂದು ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಹೃದಯಾಘಾತ. ಅವರಿಗೆ ಐವತ್ತೇ ವರ್ಷ. ಗಾಂಧಿ ತಾವೇ ಆ ದೇಹಕ್ಕೆ ಸ್ನಾನ ಮಾಡಿಸಿದರು, ಸೆರೆಯಲ್ಲಿದ್ದಷ್ಟು ದಿನ ಸಮಾಧಿಯ ಬಳಿ ಹೋಗಿ ನಿಲ್ಲುತ್ತಿದ್ದರು. ಅದೇ ಸೆರೆಯಲ್ಲಿ 1944ರ ಫೆಬ್ರವರಿ 22ರಂದು ಕಸ್ತೂರಬಾ ಕೂಡ ತೀರಿಕೊಂಡರು.

ಗಾಂಧಿಯ ಸೋಮವಾರ ಸಾಧ್ಯವಾಗಿದ್ದು ಮಹದೇವರಂಥವರು ಸೋಮವಾರವೂ ಕೆಲಸ ಮಾಡಿದ್ದರಿಂದ. ಅವರ ಊಟದ ಶಿಸ್ತಿನ ಹಿಂದೆ ಆ ಊಟ ಹೊಂದಿಸುವ ಹೆಂಗಸರ ಕೈ ಇತ್ತು. ನಂದಿಬೆಟ್ಟದ ಒಂದೂವರೆ ತಿಂಗಳ ಹಿಂದೆ ಸಂಸ್ಥಾನದ ಆತಿಥ್ಯ ಇತ್ತು.

ಇದರ ಪಕ್ಕದಲ್ಲಿ ಬಾಬಾಸಾಹೇಬರನ್ನು ಇಟ್ಟು ನೋಡಿ. ಅಂಬೇಡ್ಕರ್ ರಾತ್ರಿಯೆಲ್ಲ ಓದಿ ಬರೆಯುತ್ತಿದ್ದವರು. ಸಕ್ಕರೆ ಕಾಯಿಲೆ, ಕಾಲುನೋವು, ನಿದ್ದೆಗೇಡು. ಸಂವಿಧಾನದ ಕರಡು ಸಮಿತಿಯ ಹೊಣೆ ಹೊತ್ತಿದ್ದಾಗಲೇ ಆರೋಗ್ಯ ಹದಗೆಟ್ಟಿತ್ತು. 1956ರ ಡಿಸೆಂಬರ್ 6ರಂದು, 65ನೇ ವಯಸ್ಸಿನಲ್ಲಿ ನಿದ್ದೆಯಲ್ಲೇ ಹೋದರು. ಬುದ್ಧ ಮತ್ತು ಅವನ ಧಮ್ಮದ ಬಗ್ಗೆ ಬರೆದ ಪುಸ್ತಕ ಅಚ್ಚಾಗಿ ಬಂದಿದ್ದು ಅವರು ಹೋದ ಮೇಲೆ. ಅವರು ಸ್ವಲ್ಪ ದಿನ ಸುಮ್ಮನಿದ್ದರೆ ಆ ಜಾಗದಲ್ಲಿ ನಿಂತು ಮಾತಾಡೋಕೆ ಎಷ್ಟು ಜನ ಇದ್ದರು? ಯಾವ ಮಹಾರಾಜರ ಅತಿಥಿಗೃಹ ಕಾದಿತ್ತು? ಅವರಿಗೆ ಶಿಸ್ತು ಕಡಿಮೆ ಇತ್ತು ಅಂತ ಹೇಳುವ ಧೈರ್ಯ ಯಾರಿಗಿದೆ? ವಿಶ್ರಾಂತಿಯೂ ಆಸ್ತಿಯ ಹಾಗೆ. ಈ ದೇಶದಲ್ಲಿ ಎಲ್ಲರಿಗೂ ಸಮನಾಗಿ ಹಂಚಿಕೆ ಆಗಿಲ್ಲ.

ಇಂದಿರಾನಗರದ ಮರದ ಕೆಳಗೆ

ವಿಶ್ರಾಂತಿ ಮುಗಿಸಿ ನಾನು ಮೊದಲು ಹೋಗಿದ್ದು ಹನ್ನೆರಡನೇ ಮೇನ್ ಕಡೆ. ಅಲ್ಲಿ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿಕೊಂಡು ಆರ್ಡರಿಗೆ ಕಾಯುವ ಹುಡುಗರು ಇರ್ತಾರೆ. ಕಲಬುರಗಿ ಕಡೆಯ ಒಬ್ಬ ತಮ್ಮನ ಪರಿಚಯ ಚೆನ್ನಾಗಿತ್ತು. ನಾನು ಗಾಂಧಿಯ ಸೋಮವಾರದ ಕಥೆ ಹೇಳಿದೆ. ಅವನು ನಕ್ಕ. ತನಗೆ ಸೋಮವಾರ ರಜೆ ಮಾಡಿದ್ರ ವಾರದ ಇನ್ಸೆಂಟಿವ್ ಹೋಗ್ತದ ಅಕ್ಕಾ ಅಂದ. ಮಳೆ ಬಂದ ದಿನವೇ ದುಡ್ಡು ಜಾಸ್ತಿ, ಹಾಗಾಗಿ ಮೈ ಸರಿ ಇಲ್ಲದಿದ್ದರೂ ಮಳೆಯಲ್ಲಿ ಹೊರಡಬೇಕು ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಭ್ಯಾಸಗಳ ಬಗ್ಗೆ ಉಪದೇಶ ಮಾಡುವ ವಿಡಿಯೋಗಳು ಈ ಹುಡುಗನ ಬಗ್ಗೆ ಮಾತಾಡಲ್ಲ. ಬೇಗ ಏಳಿ, ನೀರು ಕುಡಿಯಿರಿ, ಡೈರಿ ಬರೆಯಿರಿ ಅನ್ನುತ್ತವೆ. ಆ ಮಾತು ಸುಳ್ಳಲ್ಲ, ಸಾಲದು ಅಷ್ಟೇ. ದಣಿವು ಒಬ್ಬೊಬ್ಬರ ದೌರ್ಬಲ್ಯ ಅಂದುಕೊಂಡರೆ ಪರಿಹಾರವೂ ಒಬ್ಬೊಬ್ಬರದೇ ಆಗುತ್ತೆ. ದುಡಿಯುವ ಜನ ವಾರದ ರಜೆಗಾಗಿ, ಎಂಟು ಗಂಟೆಯ ದಿನಕ್ಕಾಗಿ ಬೀದಿಗಿಳಿದಿದ್ದು ಯಾಕೆ ಅಂತ ನೆನೆದರೆ, ವಿಶ್ರಾಂತಿ ನಮ್ಮ ಬೇಡಿಕೆಯ ಪಟ್ಟಿಯಲ್ಲೇ ಇರಬೇಕಾದ್ದು ಅಂತ ಗೊತ್ತಾಗುತ್ತೆ. ಹಾಗಾಗಿ ನಮ್ಮ ಬಳಗದ ಅರ್ಜಿಗಳಲ್ಲಿ ಈಗ ವಿಮೆಯ ಜೊತೆಗೆ ಇನ್ನೊಂದು ಸಾಲು ಸೇರಿದೆ: ವಾರಕ್ಕೊಂದು ದಿನ ಲಾಗಿನ್ ಆಗದಿದ್ದರೆ ಇನ್ಸೆಂಟಿವ್ ಕತ್ತರಿಸಬಾರದು.

ಬೇಡಿಕೆ ಇಡುವವರು ಮೊದಲು ತಮ್ಮಲ್ಲೇ ಜಾರಿ ಮಾಡಬೇಕಲ್ಲ. ನಮ್ಮಲ್ಲೂ ಒಬ್ಬ ಮಹದೇವ ಇದ್ದಳು. ಮೀಟಿಂಗಿನ ಟಿಪ್ಪಣಿ, ಪೋಸ್ಟರು, ಪೊಲೀಸ್ ಅನುಮತಿ, ಊಟದ ವ್ಯವಸ್ಥೆ ಎಲ್ಲ ಅವಳ ತಲೆ ಮೇಲೆ. ನಾನು ಮಲಗಿದ್ದ ಮೂರು ವಾರ ನನ್ನ ಕೆಲಸವೂ ಅವಳ ಮೇಲೇ ಬಿದ್ದಿತ್ತು. ನನ್ನ ನಂದಿಬೆಟ್ಟದ ಬಿಲ್ಲು ಅವಳು ಕಟ್ಟಿದ್ದಳು. ಇದು ಅರ್ಥವಾದ ದಿನ ನಾವು ಏಳು ಜನ ಕೂತು ಕೆಲವು ನಿಯಮ ಮಾಡಿಕೊಂಡೆವು.

ತುರ್ತು ಕರೆಯ ಫೋನು ಒಂದೇ, ಅದು ಪಾಳಿಯಲ್ಲಿ ತಿರುಗುತ್ತೆ. ಪಾಳಿ ಇಲ್ಲದವರು ರಾತ್ರಿ ಒಂಬತ್ತೂವರೆ ಮೇಲೆ ಗ್ರೂಪ್ ನೋಡಬೇಕಿಲ್ಲ, ನೋಡಲಿಲ್ಲ ಅಂತ ಯಾರೂ ಕೇಳುವ ಹಾಗಿಲ್ಲ. ಪ್ರತಿಯೊಬ್ಬರಿಗೂ ವಾರಕ್ಕೊಂದು ಸೋಮವಾರ, ಅದು ಯಾವ ವಾರವಾದರೂ ಆಗಬಹುದು. ಟಿಪ್ಪಣಿ ಬರೆಯುವ, ಚಹಾ ತರಿಸುವ ಕೆಲಸ ಪಾಳಿಯಲ್ಲಿ, ಗಂಡಸರಿಗೆ ವಿನಾಯಿತಿ ಇಲ್ಲ. ಧರಣಿ ಮುಗಿದ ಮರುದಿನ ಯಾವ ಮೀಟಿಂಗೂ ಇಡುವಂತಿಲ್ಲ.

ನನ್ನ ಸ್ವಂತದ್ದೂ ಮೂರಿವೆ. ಆಫೀಸಿನಿಂದ ಪಿಜಿಗೆ ನಡೆದೇ ಬರ್ತೀನಿ, ಫೋನು ಬ್ಯಾಗಿನೊಳಗೆ. ಬೆಳಿಗ್ಗೆ ಸುದ್ದಿ ನೋಡುವ ಮುಂಚೆ ಮುಗಿಯುವಂಥ ಒಂದು ಕೆಲಸ ಕೈಯಲ್ಲಿ ಮಾಡ್ತೀನಿ, ಬಟ್ಟೆ ಒಗೆಯೋದೋ, ಗಿಡಕ್ಕೆ ನೀರೋ. ರಾತ್ರಿ ಒಂದು ಸಾಲಿನ ಲೆಕ್ಕ: ಇವತ್ತು ಏನು ಮುಗಿಯಿತು, ಯಾರ ಮೇಲೆ ನನ್ನ ಭಾರ ಬಿತ್ತು. ಎಷ್ಟೋ ದಿನ ತಪ್ಪುತ್ತೆ. ತಪ್ಪಿದ ದಿನದ ಲೆಕ್ಕವನ್ನೂ ಬರೀತೀನಿ.

ಗಾಂಧಿ ಕೂಡ ತಪ್ಪಿದವರೇ. 1927ರ ಪಾಠ ಕಲಿತರೂ 1936ರಲ್ಲಿ ಮತ್ತೆ ರಕ್ತದೊತ್ತಡ ಏರಿ, ಆ ಮೇ ತಿಂಗಳಲ್ಲಿ ಮತ್ತೆ ನಂದಿಬೆಟ್ಟ ಹತ್ತಿದರು. ಕೊನೆಯ ವರ್ಷಗಳಲ್ಲಿ ನೌಖಾಲಿಯ ಕೆಸರು ದಾರಿಗಳಲ್ಲಿ ಬರಿಗಾಲಿನಲ್ಲಿ ನಡೆದರು. ಕಲ್ಕತ್ತಾ ಮತ್ತು ದೆಹಲಿಯಲ್ಲಿ ಗಲಭೆ ನಿಲ್ಲಿಸಲು ಉಪವಾಸ ಕೂತರು. ಆಗ ಯಾವ ವೈದ್ಯರ ಮಾತೂ ಅವರನ್ನು ತಡೆಯಲಿಲ್ಲ. ದೇಹವನ್ನು ಪೂರ್ತಿ ಖರ್ಚು ಮಾಡಬೇಕಾದ ಗಳಿಗೆ ಯಾವುದು ಅಂತ ಅವರು ಆರಿಸಿಕೊಂಡರು. ಅಲ್ಲಿಯವರೆಗೆ ಅದನ್ನು ಕಾಪಾಡಿಕೊಂಡಿದ್ದರಿಂದ ಆರಿಸುವ ಅವಕಾಶ ಉಳಿದಿತ್ತು.

1948ರ ಜನವರಿ 30, ಶುಕ್ರವಾರ. ಎಂದಿನಂತೆ ನಸುಕಿಗೇ ಎದ್ದು ಪ್ರಾರ್ಥನೆ, ಕಾಂಗ್ರೆಸ್ಸಿನ ಮುಂದಿನ ರೂಪದ ಬಗ್ಗೆ ಕರಡು, ಸಣ್ಣ ನಿದ್ದೆ, ಭೇಟಿಗಳು. ಸಂಜೆ ಪಟೇಲರ ಜೊತೆ ಮಾತು ಉದ್ದವಾಗಿ, ಐದು ಗಂಟೆಯ ಪ್ರಾರ್ಥನೆಗೆ ಹತ್ತು ನಿಮಿಷ ತಡವಾಯಿತು. ಗಡಿಯಾರವನ್ನು ಸದಾ ಸೊಂಟಕ್ಕೆ ತೂಗುಹಾಕಿಕೊಳ್ಳುತ್ತಿದ್ದ ಮನುಷ್ಯನಿಗೆ ಆ ತಡ ಹಿಡಿಸಲಿಲ್ಲ. ಬೇಗ ಬೇಗ ಹೆಜ್ಜೆ ಹಾಕುತ್ತಾ ಹುಲ್ಲುಹಾಸು ದಾಟುವಾಗ ಗೋಡ್ಸೆಯ ಗುಂಡು ಬಿತ್ತು.

ಮೊನ್ನೆ ಸೋಮವಾರ ನನ್ನ ರಜೆಯಿತ್ತು. ಇಂದಿರಾನಗರ ಸ್ಟೇಷನ್ನಿನ ಅದೇ ಮೆಟ್ಟಿಲ ಹತ್ತಿರ ಹಾದುಹೋಗುವಾಗ ನಮ್ಮ ಮಹದೇವಿಯ ನೆನಪಾಯಿತು. ಅವಳೂ ಈ ವಾರ ಊರಿಗೆ ಹೋಗಿದ್ದಾಳೆ, ನಾಲ್ಕು ದಿನ ಫೋನ್ ಆಫ್. ಅವಳ ಪಾಳಿಯ ಫೋನು ಮಂಗಳವಾರದಿಂದ ನನ್ನ ಕೈಯಲ್ಲಿ.